ಗಂಡಸರು ಹೆಚ್ಚು ಸತ್ತರು ಎಂದರೆ ಹೆಂಗಸರಿಗೆ ಕೊರೊನಾ ಹಗುರವಾಗಿತ್ತೇ?

ತಿಪಟೂರಿನ ಮಗಳು:
2021ರ ಮೇ ತಿಂಗಳಲ್ಲಿ ಅಪ್ಪ, ಅಮ್ಮ ಇಬ್ಬರಿಗೂ ಒಂದೇ ವಾರದಲ್ಲಿ ಜ್ವರ ಬಂತು. ಅಪ್ಪನ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕಿ ಗಂಟೆಗೊಮ್ಮೆ ಅಂಕಿ ಬರೆದಿಟ್ಟವಳು ಅಮ್ಮ. 88ಕ್ಕೆ ಇಳಿದ ರಾತ್ರಿ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದನೆಯ ದಿನ ಅಪ್ಪ ತೀರಿಕೊಂಡರು. ಆ ನೋಟ್‌ಬುಕ್ ನನ್ನ ಬಳಿ ಇದೆ. ಅದರಲ್ಲಿ ಅಮ್ಮನ ಒಂದು ಅಂಕಿಯೂ ಇಲ್ಲ. ಸುಡುವ ಮೈಯಲ್ಲೇ ಗಂಜಿ ಕಾಯಿಸಿದಳು, ಹೊದಿಕೆ ಒಗೆದಳು, ಕೇಳಿದರೆ "ನನಗೇನಾಗಿದೆ" ಎಂದಳು. ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು. ಮೊನ್ನೆ ನೆಂಟರೊಬ್ಬರು "ಹೆಂಗಸರ ಜೀವ ಗಟ್ಟಿ, ಕೊರೊನಾ ಅವರನ್ನು ಮುಟ್ಟಲಿಲ್ಲ" ಎಂದಾಗ ನನಗೆ ತಡೆಯಲಾಗಲಿಲ್ಲ. ಇದರಲ್ಲಿ ದೇಹದ ಪಾಲೆಷ್ಟು, ಬದುಕಿನ ಪಾಲೆಷ್ಟು? ತಿಳಿದವರು ಹೇಳಿ.

ಜೀವಶಾಸ್ತ್ರ ಉಪನ್ಯಾಸಕ:
ನಿಮ್ಮ ತಂದೆಯವರ ವಿಷಯ ಓದಿ ದುಃಖವಾಯಿತು. ದೇಹದ ಪಾಲು ಸುಳ್ಳಲ್ಲ. ವೈರಸ್‌ನ ಆರ್‌ಎನ್‌ಎಯನ್ನು ಗುರುತಿಸಿ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಟಿಎಲ್‌ಆರ್‌7 ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ಆ ಒಂದರಲ್ಲಿ ದೋಷವಿದ್ದರೆ ಬದಲಿ ಇಲ್ಲ. 2020ರಲ್ಲಿ ನೆದರ್ಲೆಂಡ್ಸ್‌ನ ಎರಡು ಕುಟುಂಬಗಳ ನಾಲ್ವರು ಯುವಕರಿಗೆ ಕಾಯಿಲೆ ವಿಪರೀತಕ್ಕೆ ಹೋದಾಗ ಕಂಡದ್ದು ಇದೇ ದೋಷ. ಆದರೆ ಸಾವನ್ನಷ್ಟೇ ಎಣಿಸಿದರೆ ಸಾಲದು. ತಿಂಗಳುಗಟ್ಟಲೆ ಉಳಿಯುವ ದೀರ್ಘ ಕೋವಿಡ್ ಹೆಂಗಸರಲ್ಲೇ ಹೆಚ್ಚು ಕಂಡಿದೆ. ತಾಯಿಯವರ ಏದುಸಿರನ್ನು ವಯಸ್ಸಿನ ಖಾತೆಗೆ ಹಾಕಬೇಡಿ. ಹೃದಯ, ಶ್ವಾಸಕೋಶ, ರಕ್ತಹೀನತೆ ಮೂರನ್ನೂ ಪರೀಕ್ಷೆ ಮಾಡಿಸಿ.

ಇತಿಹಾಸದ ಓದುಗ:
1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದಲ್ಲಿ ಗಂಡಸರೇ ಹೆಚ್ಚು ಸತ್ತರು. ಭಾರತದಲ್ಲಿ ಹೆಂಗಸರು ಹೆಚ್ಚು. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು. ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ಉಂಡವರು, ರೋಗಿಯ ಪಕ್ಕ ರಾತ್ರಿಯೆಲ್ಲ ಕೂತವರು ಯಾರೆಂದು ಬಿಡಿಸಿ ಹೇಳಬೇಕೇ?

ಶಿರಾ ಕಡೆಯ ಆಶಾ ಕಾರ್ಯಕರ್ತೆ:
ತಂಗಿ, ನಿಮ್ಮ ಅಮ್ಮನಂಥವರನ್ನು ಮನೆಮನೆಯಲ್ಲೂ ಕಂಡಿದ್ದೇನೆ. ಬಾಗಿಲಲ್ಲಿ ನಿಂತು "ಯಾರಿಗೆ ಜ್ವರ?" ಎಂದರೆ ಗಂಡನ ಹೆಸರು, ಮಗನ ಹೆಸರು ಹೇಳುತ್ತಿದ್ದರು. ಅವರದ್ದನ್ನು ನಾವೇ ಕೆದಕಿ ಕೇಳಬೇಕಿತ್ತು. ಲಸಿಕೆ ಬಂದಾಗ, ಮುಟ್ಟಿಗೆ ಐದು ದಿನ ಮೊದಲು, ಐದು ದಿನ ಆಮೇಲೆ ಹಾಕಿಸಬಾರದು ಎಂಬ ಸುಳ್ಳು ಸಂದೇಶ ನನಗಿಂತ ಮೊದಲೇ ಮನೆಗಳನ್ನು ಮುಟ್ಟಿತ್ತು. ಗರ್ಭಿಣಿಯರಿಗೆ ಸೋಂಕು ತಗುಲಿದರೆ ಅಪಾಯ ಹೆಚ್ಚು, ಆದರೂ 2021ರ ಜುಲೈವರೆಗೆ ಅವರಿಗೆ ಲಸಿಕೆಗೆ ಅನುಮತಿಯೇ ಇರಲಿಲ್ಲ. "ಅಕ್ಕಾ, ನನಗೆ ಯಾವಾಗ?" ಎಂದು ಏಳು ತಿಂಗಳ ಬಸುರಿಯೊಬ್ಬಳು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಸ್ಥಿತಿಯೂ ಅಷ್ಟೇ. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಅಮ್ಮ ಬೇಡವೆಂದರೂ ಕೇಳಬೇಡಿ, ಕರೆದುಕೊಂಡು ಹೋಗಿ.

ತಿಪಟೂರಿನ ಮಗಳು:
ಎಲ್ಲರಿಗೂ ಕೃತಜ್ಞಳು. ಗುರುವಾರ ಅಮ್ಮನನ್ನು ತುಮಕೂರಿಗೆ ಕರೆದೊಯ್ಯುತ್ತಿದ್ದೇನೆ. ಇವತ್ತು ಆಕ್ಸಿಮೀಟರ್‌ಗೆ ಹೊಸ ಸೆಲ್ ಹಾಕಿ ಅವಳ ಬೆರಳಿಗೆ ಸಿಕ್ಕಿಸಿದೆ. ಕೂತಾಗ 96, ಮೆಟ್ಟಿಲು ಹತ್ತಿ ಬಂದಾಗ 91. ಅದೇ ನೋಟ್‌ಬುಕ್ಕಿನಲ್ಲಿ, ಅಪ್ಪನ ಕೊನೆಯ ಅಂಕಿಯ ಕೆಳಗೆ, ಅಮ್ಮನ ಹೆಸರು ಬರೆದು ಎರಡನ್ನೂ ಗುರುತು ಹಾಕಿದ್ದೇನೆ.