ಆಟಿ ಅಮಾವಾಸ್ಯೆಯ ಹಾಲೆ ಕಷಾಯವನ್ನು ಯಾರು, ಎಷ್ಟು ಕುಡಿಯಬಹುದು?

ಪ್ರಶ್ನೆ (ಕದ್ರಿ, ಮಂಗಳೂರು):
ತುಳುನಾಡಿನ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೆ. ಈಗ ಫ್ಲ್ಯಾಟಿನಲ್ಲಿರುವುದರಿಂದ ತೊಗಟೆಯನ್ನು ಬೇರೆಯವರಿಂದ ತರಿಸಿಕೊಳ್ಳಬೇಕಾಗಿದೆ. ಇದರಿಂದ ಆರೋಗ್ಯಕ್ಕೆ ನಿಜವಾಗಿ ಆಗುವ ಪ್ರಯೋಜನವೇನು, ಮಧುಮೇಹದ ಮಾತ್ರೆ ತೆಗೆದುಕೊಳ್ಳುವ ಅತ್ತೆಯವರಿಗೂ ಆರು ವರ್ಷದ ಮಗನಿಗೂ ಕೊಡಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬ್ರಹ್ಮಾವರ):
ನಮ್ಮಲ್ಲಿ ಸೂರ್ಯೋದಯಕ್ಕೆ ಮುನ್ನವೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಹೊರಗಿನ ಒರಟು ಪದರವನ್ನು ಕೆರೆದು, ಒಳತೊಗಟೆಯನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮಗಳೊಂದಿಗೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಚುಂಯ್ ಎನ್ನುವಂತೆ ಅದರೊಳಗೆ ಹಾಕುತ್ತಾರೆ. ದೊಡ್ಡವರಿಗೂ ಸಣ್ಣ ಲೋಟದ ಕಾಲು ಭಾಗವಷ್ಟೇ ಸಾಕು. ಕಷಾಯ ಉಷ್ಣವೆಂದು, ಆಮೇಲೆ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ ಉಣ್ಣುವುದು ಕ್ರಮ. ಜಡಿಮಳೆಯ ತಿಂಗಳಿನ ಜ್ವರ, ಅಜೀರ್ಣ, ಹುಳುಬಾಧೆಗಳಿಗೆ ಇದು ಒಳ್ಳೆಯದೆಂದು ಹಿರಿಯರು ಹೇಳುತ್ತಾರೆ. ವರ್ಷವಿಡೀ ರೋಗ ಬಾರದೆಂಬ ನಂಬಿಕೆಯೂ ಇದೆ.

ಉತ್ತರ (ಮಣಿಪಾಲ):
ವರ್ಷವಿಡೀ ರಕ್ಷಣೆ ಎಂಬುದಕ್ಕೆ ಆಧಾರವಿಲ್ಲ. ಆಯುರ್ವೇದದಲ್ಲಿ ಸಪ್ತಪರ್ಣವೆಂಬ ಈ ಮರದ ತೊಗಟೆಯನ್ನು ವಿಷಮಜ್ವರ (ಮಲೇರಿಯಾದಂತೆ ಬಿಟ್ಟು ಬಿಟ್ಟು ಬರುವ ಜ್ವರ), ಅತಿಸಾರಗಳಿಗೆ ಬಳಸಿದ್ದಾರೆ. ಎಕಿಟಮೀನ್ ಮೊದಲಾದ ಆಲ್ಕಲಾಯ್ಡುಗಳು (ದೇಹದ ಮೇಲೆ ಪರಿಣಾಮ ಬೀರುವ ಸಸ್ಯರಾಸಾಯನಿಕಗಳು) ಅದರಲ್ಲಿರುವುದು ನಿಜ, ಆದರೆ ಮಲೇರಿಯಾಕ್ಕೆ ಇದು ಚಿಕಿತ್ಸೆಯಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರ ಸಾರ ರಕ್ತದ ಸಕ್ಕರೆಯನ್ನು ಇಳಿಸಿದ್ದುಂಟು. ಹೀಗಿರುವಾಗ ಮಾತ್ರೆಯ ಜೊತೆಗೆ, ಅದೂ ಬರಿಹೊಟ್ಟೆಯಲ್ಲಿ, ವೈದ್ಯರನ್ನು ಕೇಳದೆ ಅತ್ತೆಯವರಿಗೆ ಕೊಡಬೇಡಿ. ಮಗುವಿಗೂ ಗರ್ಭಿಣಿಯರಿಗೂ ಬೇಡವೇ ಬೇಡ. ಮಗನಿಗೆ ಮೆಂತೆ ಗಂಜಿಯೇ ಸಾಕು, ಅವನಿಗೂ ಅದೇ ಇಷ್ಟವಾದೀತು!

ನನಗೆ ಹೆಚ್ಚು ಆತಂಕವಿರುವುದು ತರಿಸಿಕೊಳ್ಳುವ ತೊಗಟೆಯ ಬಗ್ಗೆ. ಕತ್ತಲಲ್ಲಿ ಹಾಲೆಯೆಂದು ಕಾಸರಕವೆಂಬ ವಿಷದ ಮರದ ತೊಗಟೆ ತಂದರೆ, ಅದರಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷ ಮೈಯ ಸ್ನಾಯುಗಳನ್ನೆಲ್ಲ ಸೆಟೆಸಿ ಜೀವವನ್ನೇ ತೆಗೆಯಬಹುದು. ಕಾಸರಕವೂ ವಿಪರೀತ ಕಹಿಯಾದ್ದರಿಂದ ರುಚಿ ನೋಡಿ ಗುರುತಿಸಲಾಗದು. ಹಾಲೆಯಲ್ಲಿ ಸಾಮಾನ್ಯವಾಗಿ ಏಳು ಎಲೆಗಳು ಒಂದೇ ಗಂಟಿನ ಸುತ್ತ ಹರಡಿಕೊಂಡಿರುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎರಡೆರಡಾಗಿ ಎದುರುಬದುರು ಇರುತ್ತವೆ, ಹಾಲು ಬರುವುದಿಲ್ಲ.

ಉತ್ತರ (ಕಾರ್ಕಳ):
ಇದೇ ಕಾರಣಕ್ಕೆ ನಾವು ಹಿಂದಿನ ದಿನ ಹಗಲಿನಲ್ಲೇ ಮರ ನೋಡಿ, ಬುಡಕ್ಕೆ ಬಳ್ಳಿ ಕಟ್ಟಿ ಗುರುತು ಮಾಡಿಡುತ್ತೇವೆ. ತಂದುಕೊಡುವವರಿಗೆ ಅದೇ ಮರದ ಎಲೆಗೊಂಚಲನ್ನೂ ತರಲು ಹೇಳಿ. ತರದಿದ್ದರೆ ಆ ವರ್ಷ ಕಷಾಯವನ್ನು ಬಿಟ್ಟುಬಿಡಿ.