ತವರದ ಆಕ್ಸೈಡ್ ತೆಳುಪದರ: ಎಥನಾಲ್ ಆವಿಗೆ ಸ್ಪಂದನೆ ದಿನೇ ದಿನೇ ಕುಗ್ಗುತ್ತಿದೆ

ಪ್ರಶ್ನೆ:
ಆವಿಯನ್ನು ಪತ್ತೆಹಚ್ಚುವ ಸಂವೇದಕಕ್ಕಾಗಿ ಗಾಜಿನ ಮೇಲೆ ಸ್ಪ್ರೇ ಪೈರೋಲಿಸಿಸ್ (ಬಿಸಿ ಗಾಜಿಗೆ ದ್ರಾವಣ ಸಿಂಪಡಿಸುವ) ವಿಧಾನದಿಂದ ತವರದ ಆಕ್ಸೈಡ್ ಪದರ ಕೂರಿಸಿದ್ದೇನೆ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥನಾಲ್ ಆವಿ ಬಿಟ್ಟರೆ ಮೊದಮೊದಲು ಪದರದ ವಿದ್ಯುತ್ ರೋಧ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ಅಳತೆಗೆ ಹೊಸ ಚೇಂಬರ್ ಕಟ್ಟಿದ ಮೇಲೆ ಅರ್ಧಕ್ಕೂ ಇಳಿಯುತ್ತಿಲ್ಲ. ಮಳೆಗಾಲದ ತೇವಾಂಶವೇ ಕಾರಣವೇ? ಪದರವನ್ನೇ ಹೊಸದಾಗಿ ಮಾಡಬೇಕೇ?

ಉತ್ತರ:
ಕಷ್ಟಪಟ್ಟು ಮಾಡಿದ ಪದರವನ್ನು ಈಗಲೇ ಎಸೆಯಬೇಡಿ. ಬಿಸಿ ಪದರದ ಮೇಲೆ ಗಾಳಿಯ ಆಮ್ಲಜನಕ ಕುಳಿತು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ ರೋಧ ಏರಿರುತ್ತದೆ. ಎಥನಾಲ್ ಆ ಆಮ್ಲಜನಕವನ್ನು ಕಬಳಿಸಿದಾಗ ಎಲೆಕ್ಟ್ರಾನುಗಳು ಮರಳುತ್ತವೆ, ರೋಧ ಇಳಿಯುತ್ತದೆ. ತೇವಾಂಶ ಹೆಚ್ಚಿದ್ದರೆ ಆಮ್ಲಜನಕ ಕೂರುವ ಜಾಗಗಳನ್ನು ನೀರಿನಿಂದ ಬಂದ ಹೈಡ್ರಾಕ್ಸಿಲ್ (OH) ಗುಂಪುಗಳು ಆಕ್ರಮಿಸುತ್ತವೆ, ಸ್ಪಂದನೆ ಕುಗ್ಗುತ್ತದೆ. ಹಾಗಾಗಿ ನಿಮ್ಮ ಅನುಮಾನ ಸರಿಯಾದದ್ದೇ. ಒಣ ಗಾಳಿಯಲ್ಲಿ 400 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ ನೋಡಿ. 500ರ ಹತ್ತಿರ ಹೋಗಬೇಡಿ; ಸಾಮಾನ್ಯ ಗಾಜಿನ ಸೋಡಿಯಂ ಪದರದೊಳಕ್ಕೆ ನುಸುಳುತ್ತದೆ, ಗಾಜೂ ಬಾಗಬಹುದು.

ಅಂದ ಹಾಗೆ, ಹೊಸ ಚೇಂಬರಿನ ಅಂಚುಗಳನ್ನು ಯಾವುದರಿಂದ ಮುಚ್ಚಿದ್ದೀರಿ?

ಪ್ರಶ್ನೆ ಕೇಳಿದವರು:
ಕಾಯಿಸಿದೆ ಸರ್. ಗಾಳಿಯಲ್ಲಿನ ರೋಧ ಮೊದಲಿನ ಮಟ್ಟಕ್ಕೆ ಬಂದಿತು, ಎಥನಾಲಿಗೆ ಸ್ಪಂದನೆ ಮಾತ್ರ ಸುಧಾರಿಸಲಿಲ್ಲ. ಅಂಚಿಗೆ ಹಚ್ಚಿರುವುದು ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸೀಲೆಂಟ್. ಹಚ್ಚಿದಾಗ ವಿನೆಗರ್ ವಾಸನೆ ಇತ್ತು, ಈಗಿಲ್ಲ.

ಉತ್ತರ:
ಹಾಗಾದರೆ ನನ್ನ ಅನುಮಾನ ಸೀಲೆಂಟಿನ ಮೇಲೆಯೇ. ಆ ವಾಸನೆ ಅಸಿಟಿಕ್ ಆಮ್ಲದ್ದು. ಅದು ಹೋಯಿತೆಂದರೆ ಸೀಲೆಂಟ್ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಸಿಲಿಕೋನಿನಿಂದ ಬರುವ ಸಿಲಾಕ್ಸೇನ್ ಎಂಬ ಸಿಲಿಕಾನ್‌ಯುಕ್ತ ಆವಿ ಆಮೇಲೂ ಸಣ್ಣಗೆ ಹೊರಬೀಳುತ್ತದೆ, ಚೇಂಬರ್ ಬಿಸಿಯಾದಷ್ಟೂ ಹೆಚ್ಚು. ಬಿಸಿ ಪದರದ ಮೇಲೆ ಅದು ಉರಿದು ಸಿಲಿಕಾ ಆಗಿ ಅಲ್ಲೇ ಅಂಟಿಕೊಂಡು ಪದರವನ್ನು ಮುಚ್ಚುತ್ತದೆ. ನೀರಿನಂತೆ ಕಾಯಿಸಿ ಓಡಿಸಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಂಕ್ಯೂ (MQ) ಸರಣಿಯ ಅನಿಲ ಸಂವೇದಕಗಳ ಮಾಹಿತಿ ಹಾಳೆಯಲ್ಲೂ ಸಿಲಿಕೋನ್ ಆವಿ ತಾಗಿಸಬೇಡಿ ಎಂಬ ಎಚ್ಚರಿಕೆ ಇದೆ. ತೆಳುಪದರದ ಕೆಲಸ ಮಾಡುವ ಪ್ರತಿಯೊಬ್ಬರೂ ಇದನ್ನು ಓದಲೇಬೇಕು.

ಸೀಲೆಂಟ್ ಕೆರೆದರೆ ಸಾಲದು. ಸಿಲಿಕೋನ್ ಕೊಳವೆ ಇದ್ದರೆ ಟೆಫ್ಲಾನ್ ಹಾಕಿ, ಅಂಚಿಗೆ ವೈಟಾನ್ (ಸಿಲಿಕೋನ್ ಅಲ್ಲದ ರಬ್ಬರ್) ಓ-ರಿಂಗ್ ಕೂರಿಸಿ, ನಿರ್ವಾತ ಗ್ರೀಸ್ ಬಳಸಿದ್ದರೆ ಅದು ಸಿಲಿಕೋನಿನದಲ್ಲ ಎಂದು ಖಚಿತಪಡಿಸಿಕೊಳ್ಳಿ. ಹೊಸ ಪದರ ಬೇಕೇ ಬೇಕು, ಆದರೆ ಇಷ್ಟೆಲ್ಲ ಆದ ಮೇಲೆ. ಅದೇ ಬ್ಯಾಚಿನಲ್ಲಿ ಬಳಸದೆ ಉಳಿದ ತುಣುಕು ಇದ್ದರೆ ಮೊದಲು ಅದನ್ನಿಟ್ಟು ಒಂದು ವಾರ ಅಳೆಯಿರಿ. ಸ್ಪಂದನೆ ಕುಗ್ಗದಿದ್ದರೆ ಚೇಂಬರ್ ಶುದ್ಧವಾಗಿದೆ.