ಕೊಂಬೆಯ ಸುತ್ತ ಎಪಾಕ್ಸಿ ಸಂದು ಬಿಡುತ್ತಿದೆ, ಮೂರನೇ ಸಲ!

ಬೀಜಕೋಶ:
ಬಿರಿದ ಕಾಯಿಯ ಆಕಾರದ ಶಿಲ್ಪ. ತಾಮ್ರದ ತಂತಿಯ ಹಂದರ, ಮೇಲೆ ಕಾಗದದ ತಿರುಳು, ತೊಟ್ಟಿನ ಜಾಗದಲ್ಲಿ ಬಾಗಿದ ಕೊಂಬೆ. ಕೊಂಬೆಯ ಸುತ್ತ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಎಂಬ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಸುರಿದಿದ್ದೇನೆ. ಮರುದಿನ ಗಾಜಿನ ಹಾಗೆ ಗಟ್ಟಿ. ಮೂರು ವಾರ ಕಳೆದರೆ ಕೊಂಬೆಯ ಸುತ್ತ ಕೂದಲೆಳೆಯಷ್ಟು ಸಂದು. ತಲೆ ಕೆಟ್ಟುಹೋಗಿದೆ. ಯಾವ ರೆಸಿನ್ ತಗೊಳ್ಳಲಿ?

ರಾಳಮಿತ್ರ:
ಅಳತೆ ತಪ್ಪಿದೆ, ಅನುಮಾನವೇ ಬೇಡ. ರೆಸಿನ್, ಹಾರ್ಡ್‌ನರ್ ಎರಡನ್ನೂ ತೂಕ ಮಾಡಿ ಹಾಕಿ.

ತಂತಿಬಳ್ಳಿ:
ಸುಮ್ನೆ ತೂಕ ಅನ್ನಬೇಡಿ. ಡಬ್ಬಿಯ ಮೇಲೆ 2:1 ಅಂತ ಗಾತ್ರದ ಲೆಕ್ಕ ಬರೆದಿದ್ದರೆ ತೂಕದಲ್ಲಿ ಅದೇ ನಡೆಯುವುದಿಲ್ಲ. ಹಾರ್ಡ್‌ನರ್ ಸಾಮಾನ್ಯವಾಗಿ ಹಗುರ, ಜಾಸ್ತಿ ಬಿದ್ದುಬಿಡುತ್ತದೆ.

ರಾಳಮಿತ್ರ:
ತೂಕದ ಲೆಕ್ಕವನ್ನೂ ಕಂಪನಿಯವರು ಕೊಟ್ಟಿರುತ್ತಾರೆ, ಓದಬೇಕಷ್ಟೆ. ನನ್ನ ಹತ್ತಿರ 0.1 ಗ್ರಾಂ ತೋರಿಸುವ ತಕ್ಕಡಿ ಇದೆ.

ಗಾಳಿಗುಳ್ಳೆ:
ನಾನು ವ್ಯಾಕ್ಯೂಮ್ ಚೇಂಬರ್ (ಒಳಗಿನ ಗಾಳಿ ಹೀರಿ ತೆಗೆಯುವ ಪೆಟ್ಟಿಗೆ) ತಗೊಂಡ ಮೇಲೆ ಒಂದು ಗುಳ್ಳೆಯೂ ಇಲ್ಲ. ಹವಳದ ಆಕಾರದ ಕೆಲಸ ಎಷ್ಟು ತಿಳಿಯಾಗಿ ಬಂದಿದೆ ಗೊತ್ತಾ! ಚಿತ್ರ ಹಾಕುತ್ತೇನೆ.

ಬೀಜಕೋಶ:
ಗುಳ್ಳೆ ನನ್ನ ಸಮಸ್ಯೆ ಅಲ್ಲ. ಅಳತೆ ಡಬ್ಬಿಯಲ್ಲಿ ಹೇಳಿದ ಹಾಗೇ ಇದೆ.

ಒಣಚಕ್ಕೆ:
ಅಳತೆ ತಪ್ಪಿದ್ದರೆ ಅಂಟಂಟಾಗಿಯೋ ಮೆತ್ತಗೋ ಉಳಿಯುತ್ತಿತ್ತು. ಇವರದು ಗಟ್ಟಿಯಾಗಿದೆ. ಬೀಜಕೋಶ, ಕೊಂಬೆ ಕಡಿದು ಎಷ್ಟು ದಿನ ಆಯ್ತು?

ಬೀಜಕೋಶ:
ನಾಲ್ಕೈದು ದಿನ. ಹಸಿ ಇದ್ದರೆ ತಾನೇ ಬೇಕಾದ ಹಾಗೆ ಬಾಗುವುದು! ಇದು ಎಲ್ಲರಿಗೂ ಗೊತ್ತಿರುತ್ತದೆ ಅಂತ ಹೇಳಲಿಲ್ಲ.

ಒಣಚಕ್ಕೆ:
ಅಲ್ಲೇ ಇದೆ ಕಾರಣ. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಕೊಂಬೆ ಸಣ್ಣಗಾಗುತ್ತದೆ, ಗಟ್ಟಿಯಾದ ಎಪಾಕ್ಸಿ ಅದರ ಜೊತೆ ಒಳಗೆ ಸರಿಯುವುದಿಲ್ಲ. ಯಾವ ರೆಸಿನ್ ತಂದರೂ ಇದೇ ಕಥೆ. ಹಸಿ ಇದ್ದಾಗಲೇ ಬಾಗಿಸಿ, ಆ ಆಕಾರದಲ್ಲೇ ಕಟ್ಟಿ ನೆರಳಲ್ಲಿ ಇಡಿ. ತೊಗಟೆ ತೆಗೆಯಿರಿ, ಅದು ಆಮೇಲೆ ಸಡಿಲವಾಗುತ್ತದೆ. ಎರಡು ತುದಿಗೂ ಮೇಣ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಸುರಿಯಿರಿ.

ತಂತಿಬಳ್ಳಿ:
ಒಣಗಿದ ಮರವೂ ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ. ನಾನಾದರೆ ಸುತ್ತ ಎಪಾಕ್ಸಿ ತುಂಬುವುದೇ ಇಲ್ಲ. ಒಂದೇ ಕಡೆ ಹಿತ್ತಾಳೆ ಮೊಳೆಯಲ್ಲಿ ಹಿಡಿಸಿ ಉಳಿದದ್ದು ಸಡಿಲ ಬಿಡುತ್ತೇನೆ. ಕಾಯಿಯ ತೊಟ್ಟೂ ಹಾಗೇ ತಾನೇ ಕೂತಿರುತ್ತದೆ?

ರಾಳಮಿತ್ರ:
ಆದರೂ ಒಮ್ಮೆ ಅಳತೆ ನೋಡಿ.

ಬೀಜಕೋಶ:
ಹೊಸ ಕೊಂಬೆ ಬಾಗಿಸಿ ಕಟ್ಟಿಟ್ಟೆ. ಹೋದ ವಾರ 412 ಗ್ರಾಂ, ಇವತ್ತು 371. ಇಷ್ಟು ನೀರು ಇತ್ತಾ ಇದರಲ್ಲಿ! ಹಳೆಯ ಮೂರರ ಸಂದಿಗೆ ಜೇನುಮೇಣ ತುಂಬಿದರೆ ನಿಲ್ಲುತ್ತದಾ, ಯಾರಾದರೂ ಮಾಡಿ ನೋಡಿದ್ದೀರಾ?

ಗಾಳಿಗುಳ್ಳೆ:
ಹವಳದ ಚಿತ್ರ ಹಾಕಿದ್ದೇನೆ, ನೋಡಿ.